ಬಾಯಿಮಾತಿನ ಹಲಾಲ್

ರಶ್ಮಿ ಕ್ಯಾಂಟೀನು ನಡೆಸತೊಡಗಿ ನಾಲ್ಕು ವರ್ಷವಾಗಿದ್ದರೂ ತನ್ನದೇ ಕ್ಯಾಂಟೀನಿನ ಅರ್ಧ ಭಾಗವನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಹೇಳಿದರೆ ನಗುವವರೇ ಹೆಚ್ಚು, ಆದರೆ ಸಂಗತಿ ನಿಜ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ, ಮಾಚೇನಹಳ್ಳಿಗೆ ಸ್ವಲ್ಪ ಮೊದಲು ಒಳಕ್ಕೆ ಹೊರಳಿದರೆ ಸಿಗುವ ಆ ಖಾಸಗಿ ವಿಶ್ವವಿದ್ಯಾಲಯದ ಕ್ಯಾಂಟೀನಿಗೆ ಅಡುಗೆಮನೆ ಎರಡು. ಒಂದು ಇಡ್ಲಿ, ಚಿತ್ರಾನ್ನ, ಅನ್ನ ಸಾರಿನದು. ಇನ್ನೊಂದು ಮೊಟ್ಟೆ ಮತ್ತು ಕೋಳಿಯದು. ನಡುವೆ ಗೋಡೆ, ಗೋಡೆಯಲ್ಲೊಂದು ಕಿಟಕಿ. ರಶ್ಮಿ ಲಿಂಗಾಯತರ ಮನೆಯಲ್ಲಿ ಹುಟ್ಟಿ ಲಿಂಗಾಯತರ ಮನೆಗೇ ಸೊಸೆಯಾಗಿ ಬಂದವಳು. ಕಿಟಕಿಯಾಚೆಗೆ ಅವಳ ದೃಷ್ಟಿಯೇ ಹಾಯುತ್ತಿರಲಿಲ್ಲ, ಕಾಲಂತೂ ದೂರದ ಮಾತು.

ಗುತ್ತಿಗೆ ಹಿಡಿದಿದ್ದು ಅವಳ ಗಂಡ ವಿಜಯೇಂದ್ರ. ಮಾಂಸದೂಟವನ್ನೂ ಕೊಡಲೇಬೇಕೆಂದು ವಿಶ್ವವಿದ್ಯಾಲಯದವರು ಪಟ್ಟು ಹಿಡಿದಾಗ ಅವನು ತಾಯಿ ಕಲ್ಲಮ್ಮನ ಮುಂದೆ ಕೂತು, "ನಾವೇನು ತಿನ್ಬೇಕಾ ಅವ್ವ? ಮಾಡೋನು ಬೇರೆಯವನು, ತಿನ್ನೋರು ಬೇರೆಯವರು. ಮಧ್ಯ ಗೋಡೆ ಹಾಕಿಸ್ತೀನಿ" ಎಂದು ಒಪ್ಪಿಸಿದ್ದ. ಗೋಡೆಯನ್ನೂ ಹಾಕಿಸಿದ. ಆಮೇಲೆ ಕೊರೋನಾದ ಎರಡನೆಯ ಸುತ್ತಿನಲ್ಲಿ, ನಡೆದುಕೊಂಡೇ ಆಸ್ಪತ್ರೆಯೊಳಕ್ಕೆ ಹೋದವನು ತಿರುಗಿ ಬರಲಿಲ್ಲ. ಅದೇ ಜ್ವರದಲ್ಲಿ ರಶ್ಮಿಯ ಮೂಗು ವಾಸನೆ ಹಿಡಿಯುವುದನ್ನು ನಿಲ್ಲಿಸಿತು. ಗಂಡ ಹೋದದ್ದಕ್ಕೆ ನೆಂಟರಿಷ್ಟರೆಲ್ಲ ಬಂದು ಮಾತಾಡಿಸಿದರು. ಮೂಗಿನ ವಿಚಾರ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅವಳು ಅಳಲಿಲ್ಲ. ಗಟ್ಟಿಗಿತ್ತಿ ಎಂದು ಜನ ಹೊಗಳಿದರು. ಗಟ್ಟಿಯೂ ಇಲ್ಲ ಏನೂ ಇಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ ಹಾಗಿತ್ತು ಅವಳ ಒಳಗು. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೆ. ಕ್ಯಾಂಟೀನು ಬಿಟ್ಟುಬಿಡು ಎಂದರು ಅಣ್ಣಂದಿರು. ಬಿಡುವುದಕ್ಕೂ ಒಂದು ಮನಸ್ಸು ಬೇಕಲ್ಲ, ಅದಿಲ್ಲದೆ ಅವಳು ನಡೆಸಿಕೊಂಡು ಬಂದಳು. ಕಲ್ಲಮ್ಮ ಹಾಕಿದ ಷರತ್ತು ಒಂದೇ: "ಆ ಕಡೆ ಒಲೆ ಹತ್ರ ಹೋಗ್ಬೇಡ. ಮನೆಗೆ ಬಂದು ಲಿಂಗ ಮುಟ್ಟೋ ಕೈ ಅದು." ರಶ್ಮಿ ಹ್ಞೂಂ ಎಂದಳು. ಆ ವರ್ಷಗಳಲ್ಲಿ ಅವಳು ಎಲ್ಲದಕ್ಕೂ ಹ್ಞೂಂ ಎನ್ನುತ್ತಿದ್ದಳು.

ಕಿಟಕಿಯಾಚೆಯ ದೊರೆ ವಸಂತ್. ಭದ್ರಾವತಿಯ ಕಾಗದನಗರದವನು, ಕಾಗದ ಕಾರ್ಖಾನೆಯ ಕೆಲಸಗಾರನ ಮಗ, ಕೈ ರುಚಿಯ ಅಡುಗೆಯವನು. ಬುಧವಾರ ಮತ್ತು ಭಾನುವಾರ ಕೋಳಿ. ಏನು ತರಬೇಕು, ಎಷ್ಟು ತರಬೇಕು ಎಲ್ಲ ಅವನಿಗೇ ಬಿಟ್ಟದ್ದು. ಕಿಟಕಿಯ ಬಳಿ ನಿಂತು ಅವನು ಏನಾದರೂ ಹೇಳುತ್ತಿದ್ದ, ರಶ್ಮಿ ಮುಖ ಈ ಕಡೆಗೇ ಇಟ್ಟುಕೊಂಡು ಹ್ಞೂಂ ಎನ್ನುತ್ತಿದ್ದಳು. ಕೋಳಿಯ ಸುದ್ದಿ ಶುರುವಾದರೆ ಸಾಕು, ಹುಟ್ಟಿನಿಂದ ಬಂದ ಅಭ್ಯಾಸಕ್ಕೆ ಅವಳ ಕಿವಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಹೀಗಿರುವಾಗ ನಾಜಿಯಾ ಬಂದಳು. ಹೊಳೆಹೊನ್ನೂರಿನ ಹುಡುಗಿ, ಬಿ.ಎಸ್ಸಿ. ಓದುತ್ತಿದ್ದಳು, ಹಾಸ್ಟೆಲಿನಲ್ಲಿದ್ದಳು. ಅವಳೂ ಅವಳ ಮೂರು ಜನ ಗೆಳತಿಯರೂ ಕೋಳಿಯ ದಿನಗಳಲ್ಲಿ ಬರೀ ಅನ್ನ ಸಾರು ಉಂಡು ಏಳುತ್ತಿದ್ದರು. ಒಂದು ಬುಧವಾರ ನಾಜಿಯಾ ಟೋಕನ್ ಕೊಡುವ ಮೇಜಿನ ಹತ್ತಿರ ಬಂದು, ಹಿಂದೆ ನಿಂತವರಿಗೆ ಕೇಳಿಸದ ಹಾಗೆ ಬಗ್ಗಿ, "ಆಂಟಿ, ಚಿಕನ್ ಹಲಾಲಾ?" ಎಂದು ಕೇಳಿದಳು.

ರಶ್ಮಿಗೆ ಅದರ ಗಂಧಗಾಳಿ ಗೊತ್ತಿರಲಿಲ್ಲ. ಕಿಟಕಿಯತ್ತ ತಿರುಗಿ ಕೂಗಿ ಕೇಳಿದಳು. "ಭದ್ರಾವತಿ ಜಬೀವುಲ್ಲಾ ಸಾಬರ ಅಂಗಡಿದು ಅಕ್ಕ. ದೇವರ ಹೆಸರು ಹೇಳ್ದೆ ಅವರು ಕತ್ತಿ ಇಡೋದೇ ಇಲ್ಲ" ಎಂದ ವಸಂತ್. ಹುಡುಗಿಯ ಮುಖ ಅರಳಿತು. ಇಷ್ಟು ದಿನ ಸುಮ್ಮನೆ ಬಾಯಿ ಕಟ್ಟಿಕೊಂಡಿದ್ದೆವಲ್ಲ ಎಂದು ಅವಳು ಹಣೆ ಚಚ್ಚಿಕೊಂಡಾಗ ರಶ್ಮಿಗೂ ಸಣ್ಣಗೆ ನಗು ಬಂತು. "ನೀವು ಹೇಳಿದ್ರೆ ಸಾಕು ಆಂಟಿ. ತಿನ್ನಬಾರದ್ದು ತಿನ್ನಬಾರದು ಅಂದ್ರೆ ಏನು ಅಂತ ನಿಮಗೆ ಗೊತ್ತಿರುತ್ತೆ" ಎಂದಳು ನಾಜಿಯಾ.

ಹಾಗಾದರೆ ಒಂದು ಬೋರ್ಡು ಹಾಕಿಬಿಡೋಣ, ಕೇಳುವ ಕಷ್ಟ ಯಾರಿಗೂ ಬೇಡ ಎಂದು ರಶ್ಮಿ ಕ್ಯಾಂಟೀನ್ ಸಮಿತಿಗೆ ಹೇಳಿದಳು. ಸಮಿತಿಯ ಮುಖ್ಯಸ್ಥರು ರಸಾಯನಶಾಸ್ತ್ರದ ಮೇಷ್ಟ್ರು ವಿಷ್ಣುಪ್ರಸಾದ. ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ಪಳಗಿದ ಕೈ.

"ಹಲಾಲ್ ಕೊಡಿ ಮೇಡಂ, ಖಂಡಿತ ಕೊಡಿ. ಆದ್ರೆ ಬೋರ್ಡು ಬೇಡ. ಬೋರ್ಡು ಹಾಕಿದ್ರೆ ನಾಳೆ ಯಾರೋ ಬಂದು ಅದರ ಮುಂದೆ ಧರಣಿ ಕೂರ್ತಾರೆ. ಹಾಕ್ಬೇಡಿ ಅಂತ ನಾನು ಹೇಳಿದೆ ಅಂತಾನೂ ಎಲ್ಲೂ ಹೇಳ್ಬೇಡಿ. ಕೇಳಿದವರಿಗೆ ಬಾಯಲ್ಲಿ ಹೇಳಿ, ಮುಗೀತು."

ಹೀಗೆ ಆ ವಿಶ್ವವಿದ್ಯಾಲಯದಲ್ಲಿ ಹಲಾಲ್ ಊಟ ಜಾರಿಗೆ ಬಂತು. ಬರಹವಿಲ್ಲ, ಬೋರ್ಡಿಲ್ಲ, ಇದ್ದದ್ದು ರಶ್ಮಿಯ ಬಾಯಿ ಒಂದೇ. ಕೇಳಿದವರಿಗೆ ಹೇಳಬೇಕು ಎಂದಿದ್ದರಿಂದ ನಾಜಿಯಾ ಪ್ರತಿ ಸಲವೂ ಕೇಳುತ್ತಿದ್ದಳು. ಬುಧವಾರ ಬಂತೆಂದರೆ ಮೇಜಿನ ಮುಂದೆ ನಿಂತು, "ಇವತ್ತೂ ಹಲಾಲೇ ಅಲ್ವಾ ಆಂಟಿ?" "ಹೌದಮ್ಮ, ಹಲಾಲೇ." ಹುಡುಗಿ ನಕ್ಕು ತಟ್ಟೆ ಹಿಡಿದು ಹೋಗುತ್ತಿದ್ದಳು. ದಿನವಿಡೀ ಜನ ರಶ್ಮಿಯ ಹತ್ತಿರ ಬಂದು, ಸಾರಿಗೆ ಉಪ್ಪಿಲ್ಲ, ಫ್ಯಾನು ತಿರುಗುತ್ತಿಲ್ಲ ಎಂದು ದೂರುತ್ತಿದ್ದರು. ಅವಳ ಮಾತನ್ನು ನಂಬಿ ಯಾರಾದರೂ ಕೇಳುತ್ತಿದ್ದ ಪ್ರಶ್ನೆ ಇದೊಂದೇ. ಹೌದಮ್ಮ ಎನ್ನುವಾಗ ತಾನು ಇನ್ನೂ ಒಂದು ಮನುಷ್ಯಜೀವ ಅಂತ ಅನ್ನಿಸುತ್ತಿತ್ತು ಅವಳಿಗೆ. ಉಳಿದ ಹೊತ್ತು ಅದೂ ಅನ್ನಿಸುತ್ತಿರಲಿಲ್ಲ.

ರಂಜಾನ್ ಬಂದಾಗ ನಾಲ್ಕೂ ಹುಡುಗಿಯರಿಗೆ ಸಂಜೆ ರೋಜಾ ಉಪವಾಸ ಬಿಡುವ ಹೊತ್ತಿಗೆ ಸರಿಯಾಗಿ ಡಬ್ಬಿ ಕಟ್ಟಿಸಿ ಇಡುವ ಏರ್ಪಾಡನ್ನು ರಶ್ಮಿಯೇ ಮಾಡಿದಳು. ಖರ್ಜೂರ, ಹಣ್ಣು, ಅನ್ನ, ಕೋಳಿ ಸಾರು. ಯಾರೂ ಹೇಳಿರಲಿಲ್ಲ. ನಾಜಿಯಾಳ ತಾಯಿ ಹೊಳೆಹೊನ್ನೂರಿನಿಂದ ಫೋನು ಮಾಡಿ, "ನಿಮ್ಮ ಮಾತಿನ ಮೇಲೆ ನಾವು ಅಲ್ಲಿ ಬಿಟ್ಟಿದೀವಿ ಅಕ್ಕ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದರು. ಆವತ್ತು ರಶ್ಮಿ ಎಂದಿಗಿಂತ ಒಂದು ತುತ್ತು ಜಾಸ್ತಿ ಊಟ ಮಾಡಿದಳು.

ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಕಾಗದನಗರದಲ್ಲಿ ವಸಂತನ ತಾಯಿ ಪುಷ್ಪಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ವಸಂತ್ ರಜೆ ಹಾಕಿದ. ಅದೇ ವಾರ ವಿಶ್ವವಿದ್ಯಾಲಯದ ವಾರ್ಷಿಕೋತ್ಸವದ ಊಟವಿತ್ತು, ಕೋಳಿ ಹೆಚ್ಚಿಗೆ ಬೇಕಿತ್ತು. ಅಡುಗೆಗೆ ಬದಲಿ ಆಳು ಸಿಕ್ಕಿದ, ಕೋಳಿ ತರಿಸಲು ಹೇಳುವ ಕೆಲಸ ಮಾತ್ರ ರಶ್ಮಿಯ ತಲೆಗೆ ಬಂತು. ಅಲ್ಮೇರಾದಲ್ಲಿದ್ದ ವಿಜಯೇಂದ್ರನ ಫೋನು ತೆಗೆದಳು. ಅದಕ್ಕೆ ಇವತ್ತಿಗೂ ಅವಳು ಚಾರ್ಜು ಹಾಕುತ್ತಿದ್ದಳು, ಕರೆನ್ಸಿಯನ್ನೂ ಹಾಕಿಸುತ್ತಿದ್ದಳು. ಯಾಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. "ಜಬೀವುಲ್ಲಾ ಕೋಳಿ" ಎಂದು ಅವನು ಬರೆದುಕೊಂಡಿದ್ದ ನಂಬರು ಸಿಕ್ಕಿತು.

"ಯಾ ಅಲ್ಲಾ" ಎಂದಿತು ಆಚೆಯ ದನಿ. "ವಿಜಯಣ್ಣನ ನಂಬರು ನೋಡಿ ಎದೆ ಝಲ್ ಅಂತು. ಯಾರು, ಅಕ್ಕನಾ?"

ರಶ್ಮಿ ಬೇಕಾದ್ದನ್ನು ಹೇಳಿದಳು.

"ಕೊಡೋಣ ಅಕ್ಕ, ಅದಕ್ಕೇನಂತೆ. ಆದ್ರೆ ನಿಮ್ಮ ಕ್ಯಾಂಟೀನಿಗೆ ನಮ್ಮ ಕೋಳಿ ನಿಂತು ಬಹಳ ದಿನ ಆಯ್ತಲ್ಲ. ದಸರಾಕ್ಕೂ ಮುಂಚೆನೇ."

"ನಿಂತೋಯ್ತಾ? ಯಾಕೆ ನಿಲ್ಸಿದ್ರಿ?"

"ನಾನೆಲ್ಲಿ ನಿಲ್ಸಿದೆ ಅಕ್ಕ? ನಿಮ್ಮ ಹುಡುಗ ಬರೋದು ಬಿಟ್ಟ. ಆಗ ಊರಲ್ಲಿ ಗಾಳಿ ಸರಿ ಇರ್ಲಿಲ್ಲ ನೋಡಿ. ನಮ್ಮ ಹತ್ರ ತಗೋಬೇಡಿ ಅಂತ ಯಾರೋ ಅಂದಿರ್ತಾರೆ, ಪಾಪ ಹೆಣ್ಣುಮಗಳು, ಅವರಿಗೂ ಅವರ ಕಷ್ಟ ಇರುತ್ತೆ ಅಂದ್ಕೊಂಡು ಸುಮ್ನಾದೆ. ಬೇಜಾರೇನಿಲ್ಲ ಬಿಡಿ."

ಬೇಜಾರಿಲ್ಲ ಎನ್ನುವ ದನಿಯಲ್ಲಿ ಬೇಜಾರು ಇದ್ದೇ ಇತ್ತು. ರಶ್ಮಿ ಫೋನು ಇಟ್ಟು ಹಾಸಿಗೆಯ ಮೇಲೆ ಕೂತಳು. ದಸರಾಕ್ಕೂ ಮುಂಚೆ ಎಂದರೆ, ಆಮೇಲೆ ದೀಪಾವಳಿ, ಸಂಕ್ರಾಂತಿ, ಶಿವರಾತ್ರಿ, ರಂಜಾನ್. ಅಷ್ಟೂ ಬುಧವಾರ ತಾನು ಹೌದಮ್ಮ ಹಲಾಲೇ ಎಂದಿದ್ದೆ. ಈ ಜಾಗದಲ್ಲಿ ಎದೆ ಹೊಡೆದುಕೊಳ್ಳಬೇಕು, ಕೈ ನಡುಗಬೇಕು ಎಂದು ಅವಳಿಗೆ ಗೊತ್ತಿತ್ತು. ಏನೂ ಆಗಲಿಲ್ಲ. ಗ್ಯಾಸ್ ಆರಿಸದೆ ಬಂದಿದ್ದೇನೆ ಎಂದು ನೆನಪಾದ ಹಾಗೆ, ಹೋಗಿ ಮಾಡಬೇಕಾದ ಒಂದು ಕೆಲಸ ಎದ್ದು ನಿಂತಿತು, ಅಷ್ಟೆ. ತನಗೆ ಏನೂ ಆಗುತ್ತಿಲ್ಲವಲ್ಲ ಎಂಬುದಕ್ಕೇ ಅವಳಿಗೆ ಹೆದರಿಕೆಯಾಯಿತು.

ಮಧ್ಯಾಹ್ನ ಭದ್ರಾವತಿ ಬಸ್ಸು ಹತ್ತಿದಳು. ಕಾಗದನಗರದಲ್ಲಿ ಅರ್ಧಕ್ಕರ್ಧ ಕ್ವಾರ್ಟರ್ಸ್ ಖಾಲಿ. ಕಿಟಕಿ ಬಾಗಿಲುಗಳನ್ನೂ ಯಾರೋ ಕಿತ್ತು ಒಯ್ದಿದ್ದರು. ಕಾರ್ಖಾನೆ ನಿಂತ ಮೇಲೂ ಬೇರೆ ಕಡೆ ಹೋಗಲಾರದವರು ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದರು. ಪುಷ್ಪಮ್ಮ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಮಂಚದ ಮೇಲೆ ಮಲಗಿದ್ದರು. "ಇವರು ನಮ್ಮನೇಲಿ ಟೀ ಕುಡೀತಾರೇನೋ ಕೇಳೋ" ಎಂದು ಮಗನಿಗೆ ಪಿಸುಗುಟ್ಟಿದರು. ರಶ್ಮಿ ಕುಡಿಯುತ್ತೇನೆ ಎಂದಳು. ಏಲಕ್ಕಿ ಹಾಕಿದ್ದಾರೆಂದು ಅವರು ಹೇಳಿದ್ದರಿಂದ ಗೊತ್ತಾಯಿತು.

ವಸಂತನನ್ನು ಹೊರಗೆ ಜಗಲಿಗೆ ಕರೆದು ಕೇಳಿದಳು. ಅವನು ಕಣ್ಣು ಕಣ್ಣು ಬಿಟ್ಟ.

"ಹೇಳಿದ್ನಲ್ಲ ಅಕ್ಕ ನಿಮಗೆ."

"ಯಾವಾಗ ಹೇಳಿದ್ಯೋ ಮಾರಾಯ?"

"ಕಿಟಕಿ ಹತ್ರ ನಿಂತು ಹೇಳಿದೆ. ಮಾಚೇನಹಳ್ಳಿಲಿ ಹೊಸ ಯೂನಿಟ್ ಆಗಿದೆ, ಪುಕ್ಕ ಚರ್ಮ ಎಲ್ಲ ತೆಗ್ದು, ಪೀಸ್ ಮಾಡಿ, ಐಸಲ್ಲಿಟ್ಟು ಹಿಂದಿನ ಬಾಗ್ಲಿಗೇ ತಂದು ಕೊಡ್ತಾರೆ, ಒಬ್ನೇ ಸಾಯ್ತಿದೀನಿ, ತರಿಸ್ಲಾ ಅಂದೆ. ನೀವು ಹ್ಞೂಂ ಅಂದ್ರಿ."

ಅಂದಿರಬೇಕು. ಅನ್ನದೆ ಇರಲು ಕಾರಣವೇ ಇಲ್ಲ.

"ಆ ಹುಡುಗೀರು ಹಲಾಲಾ ಅಂತ ಕೇಳ್ತಿದ್ರಲ್ಲೋ?"

"ಮೊದಲ್ನೇ ಸಲ ಬಿಟ್ರೆ ನನ್ನ ಯಾರೂ ಕೇಳ್ಲಿಲ್ಲ ಅಕ್ಕ, ನಿಮ್ಮನ್ನ ಕೇಳ್ತಿದ್ರು. ನೀವು ಏನು ಹೇಳ್ತೀರಿ ಅಂತ ಒಳಗಿರೋ ನಂಗೇನು ಗೊತ್ತಾಗುತ್ತೆ? ನಾನೇನು ಬೇಕಂತ ಮಾಡಿದ್ನಾ?" ಅವನ ಮುಖ ಬಾಡಿತು. "ಅದೂ ಹಲಾಲೇ ಇರ್ಬೋದೇನೋ, ಕೇಳಿ ನೋಡಿ ಒಂದ್ಸಲ."

ಅವನನ್ನು ಬೈಯುವುದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ. ವಾಪಸು ಬರುವಾಗ ಮಾಚೇನಹಳ್ಳಿಯಲ್ಲಿ ಇಳಿದಳು. ಶೆಡ್ಡಿನ ಹೊರಗೆ ನೀಲಿ ಬಾಕ್ಸುಗಳು ಒಂದರ ಮೇಲೊಂದು, ಒಳಗೆ ಫಳಫಳ ಉಕ್ಕು, ನೆಲವನ್ನು ಸದಾ ತೊಳೆಯುವ ನೀರು. ಮೇಲ್ವಿಚಾರಕ ಮುರುಗೇಶಪ್ಪ ಒಳ್ಳೆಯ ಮನುಷ್ಯ. ಕುರ್ಚಿ ಹಾಕಿಸಿದರು, ಸುತ್ತಿ ಬಳಸಿ ಮಾತಾಡಲಿಲ್ಲ.

"ನಮ್ಮಲ್ಲಿ ಅದಿಲ್ಲ ಮೇಡಂ. ಎಲ್ಲ ಮಷೀನು. ಕರೆಂಟು, ಆಮೇಲೆ ಬ್ಲೇಡು. ಯಾರೂ ನಿಂತು ಏನೂ ಹೇಳಲ್ಲ. ಸುಳ್ಳು ಹೇಳಿ ಯಾಕೆ ವ್ಯಾಪಾರ ಮಾಡ್ಬೇಕು? ಕೇಳಿದವರಿಗೆಲ್ಲ ಇದನ್ನೇ ಹೇಳ್ತೀನಿ."

ಮರುದಿನ ಬೆಳಿಗ್ಗೆ ಅವಳು ವಿಷ್ಣುಪ್ರಸಾದರ ಕೋಣೆಗೆ ಹೋದಳು. ಅವರು ಬಾಗಿಲು ಹಾಕಿ ಬಂದು ಕೂತರು.

"ಏನಾಗಿದೆ ಈಗ? ಏನೂ ಆಗಿಲ್ಲ. ಇವತ್ತಿನಿಂದ ಹಳೆ ಅಂಗಡಿಯಿಂದಲೇ ತರಿಸಿ. ಹುಡುಗೀರಿಗೆ ಹೇಳಿದ್ದು ಇವತ್ತಿನಿಂದ ನಿಜ ಆಗುತ್ತೆ."

"ಇಷ್ಟು ದಿನದ್ದು ಸರ್?"

"ಗೊತ್ತಿಲ್ದೆ ತಿಂದ್ರೆ ಅವರಿಗೆ ದೋಷ ಇಲ್ವಂತೆ ಮೇಡಂ, ಅವರಲ್ಲೇ ಹಾಗೆ ಹೇಳ್ತಾರೆ. ನೀವು ಹೇಳಿದ್ರಿ ಅಂದ್ರೆ ಗೊತ್ತಾಗುತ್ತೆ, ಗೊತ್ತಾದ್ರೆ ನೋವು. ಆ ನೋವು ನೀವು ಕೊಟ್ಟಂಗೆ. ಮತ್ತೆ ಯಾರೋ ಅದನ್ನ ಮೊಬೈಲಲ್ಲಿ ಹಾಕ್ತಾರೆ, ನಿಮ್ಮ ಗುತ್ತಿಗೆ ಹೋಗುತ್ತೆ, ನಾನು ನಿವೃತ್ತಿ ಆಗೋ ವರ್ಷ ಇದು. ನನ್ನ ಮಾತು ಕೇಳಿ. ನಾನು ಹೇಳಿದೆ ಅಂತ ಮಾತ್ರ ಅನ್ನಬೇಡಿ."

ಮೇಷ್ಟ್ರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಅವರು ಯಾವತ್ತೂ ಹಾಗೇ ಮಾತಾಡುವುದು. ರಶ್ಮಿ ಮನೆಗೆ ಹೋಗಿ ಯೋಚಿಸಿದಳು. ಕಲ್ಲಮ್ಮ ಪಡಸಾಲೆಯಲ್ಲಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದರು. ಈ ಮುದುಕಿಗೆ ಯಾರಾದರೂ ಇಷ್ಟು ತಿಂಗಳು ಸಾರಿನಲ್ಲಿ ಮೀನು ಹಾಕಿ ಬಡಿಸಿ, ಗೊತ್ತಾಗಲಿಲ್ಲವಲ್ಲ, ದೋಷವಿಲ್ಲ ಬಿಡಿ ಎಂದಿದ್ದರೆ? ಅತ್ತೆ ಅನ್ನನೀರು ಬಿಟ್ಟು ಮಲಗುತ್ತಿದ್ದರು. ಆದರೂ ಬಡಿಸಿದವರು ಬಂದು ಹೇಳಲಿ ಎಂದೇ ಬಯಸುತ್ತಿದ್ದರು. ನಾಜಿಯಾಳ ಮುಂದೆ ನಿಂತು ಹೇಳಬೇಕು. ಅವಳು ಅತ್ತರೆ ಅಳಲಿ, ಉಗಿದರೆ ಉಗಿಯಲಿ. ಇನ್ನು ಮುಂದಾದರೂ ಅವಳು ತನ್ನ ಮಾತು ನಂಬುವುದು ಮಾತ್ರ ರಶ್ಮಿಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಏನಾದರೂ ಬೇಕು ಅನ್ನಿಸಿ ನಾಲ್ಕು ವರ್ಷವಾಗಿತ್ತು ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು.

ಅವತ್ತೇ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ, ಕ್ಯಾಂಟೀನಿನ ಹಿಂದೆ ಉಗ್ರಾಣದ ಮೆಟ್ಟಿಲ ಹತ್ತಿರಕ್ಕೆ ನಾಜಿಯಾಳನ್ನು ಕರೆದಳು. ಸೋಗಾನೆಯ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ತಲೆಯ ಮೇಲೆ ಸದ್ದು ಮಾಡಿಕೊಂಡು ಹೋಯಿತು. ಅದು ದೂರವಾದ ಮೇಲೆ ರಶ್ಮಿ ಬಾಯಿ ತೆರೆದಳು.

"ನಾಜಿಯಾ, ನಾನು ನಿಮಗೆ ಕೊಡಿಸ್ತಿದ್ದ ಕೋಳಿ ಹಲಾಲ್ ಆಗಿರ್ಲಿಲ್ಲ ಕಣಮ್ಮ. ದಸರಾಕ್ಕೆ ಮುಂಚಿಂದ. ರಂಜಾನಲ್ಲೂ ಅಲ್ಲ. ನಾನು ಹಲಾಲು ಹಲಾಲು ಅಂತ ಹೇಳ್ತಾನೇ ಬಂದೆ."

ಹುಡುಗಿ ದುಪಟ್ಟಾದ ಅಂಚಿನಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಆಂಟಿ."

"ಏನು ಗೊತ್ತು?"

"ಮಾಚೇನಹಳ್ಳಿ ಬಾಕ್ಸು ಬರೋಕೆ ಶುರುವಾದ ವಾರಾನೇ ಗೊತ್ತಾಯ್ತು. ಹಾಸ್ಟೆಲಿಂದ ಬರೋವಾಗ ಹಿಂದಿನ ಬಾಗ್ಲಲ್ಲಿ ಇಟ್ಟಿದ್ರು. ಮೇಲೆ ಫೋನ್ ನಂಬರ್ ಇತ್ತು. ಮಾಡಿ ಕೇಳಿದೆ. ಮಷೀನು ಅಂದ್ರು."

ಅಷ್ಟು ಸುಲಭದಲ್ಲಿ ಗೊತ್ತಾಗುವ ವಿಷಯವನ್ನು ತಾನು ಇಷ್ಟು ತಿಂಗಳು ಗೊತ್ತು ಮಾಡಿಕೊಳ್ಳದೆ ಕೂತಿದ್ದೆ.

"ಮತ್ತೆ ತಟ್ಟೆ ತಗೊಂಡು ಹೋಗ್ತಿದ್ರಲ್ಲೇ? ರಂಜಾನಲ್ಲಿ ಡಬ್ಬಿ?"

"ಚಿಕನ್ ಎಲ್ಲ ಅನುಷಾಗೆ ಕೊಡ್ತಿದ್ವಿ. ನಮ್ಮ ರೂಮಿನವಳು. ಡ್ರೆಸ್ಸೆಲ್ಲ ಟೈಟ್ ಆಯ್ತು ಅಂತ ನಮಗೇ ಬೈತಾಳೆ ಈಗ." ನಾಜಿಯಾ ಸ್ವಲ್ಪ ನಕ್ಕಳು. "ಖರ್ಜೂರ, ಹಣ್ಣು ನಾವೇ ತಿಂತಿದ್ವಿ ಆಂಟಿ."

"ಹಾಗಾದ್ರೆ ಪ್ರತಿ ಬುಧವಾರ ನನ್ನ ಯಾಕೆ ಕೇಳ್ತಿದ್ದೆ?"

ನಾಜಿಯಾ ಆ ಕಡೆ ನೋಡಿದಳು. "ಇವತ್ತಾದ್ರೂ ನಿಜ ಹೇಳ್ತೀರೇನೋ ಅಂತ."

ಆ ಮಾತು ಕೂಗಿ ಹೇಳಿದ್ದಲ್ಲ, ಚುಚ್ಚಿ ಹೇಳಿದ್ದೂ ಅಲ್ಲ. ಲ್ಯಾಬಿನಲ್ಲಿ ಕಂಡದ್ದನ್ನು ಮೇಷ್ಟ್ರಿಗೆ ಹೇಳುವ ಹಾಗೆ ಹೇಳಿದ್ದು. ರಶ್ಮಿ ಮೆಟ್ಟಿಲ ಮೇಲೆ ಕೂತಳು. ಬುಧವಾರಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಮೇಜಿನಾಚೆ ಆ ನಗುಮುಖ, ಈಚೆ ತನ್ನ ಹೌದಮ್ಮ. ಅವಳು ತನ್ನನ್ನು ನಂಬಿ ನಗುತ್ತಿದ್ದಾಳೆ ಎಂದು ತಾನು ಬದುಕಿಕೊಂಡಿದ್ದೆ. ಅವಳೋ ಒಬ್ಬ ಸುಳ್ಳುಗಾರ್ತಿಯ ಮುಂದೆ ನಿಂತು ನಗುತ್ತಿದ್ದಳು.

"ಜಗಳ ಆಡ್ಬೋದಿತ್ತಲ್ಲ ನೀನು? ಬೈಬೋದಿತ್ತಲ್ಲ?"

"ಜಗಳ ಆಡಿ ಏನ್ ಮಾಡ್ಲಿ ಆಂಟಿ? ಯಾರೋ ವಿಡಿಯೋ ಮಾಡ್ತಾರೆ. ಆ ಕಡೆಯವರೂ ಬರ್ತಾರೆ, ಈ ಕಡೆಯವರೂ ಬರ್ತಾರೆ. ನಮ್ಮ ಅಬ್ಬಾ ಅವತ್ತೇ ಬ್ಯಾಗ್ ಕಟ್ಟಿಸಿ ಕರ್ಕೊಂಡು ಹೋಗ್ತಾರೆ. ಇನ್ನೊಂದು ವರ್ಷ ಓದ್ಬೇಕು ನಾನು. ಕೋಳಿ ಇಲ್ದೆ ಇರ್ಬೋದು." ದುಪಟ್ಟಾದ ಅಂಚು ಬಿಟ್ಟು ಹೇಳಿದಳು: "ದಿನಾ ಅನ್ನ ಹಾಕೋರು ನೀವು. ನಿಮ್ಮ ಹತ್ರ ಮುಖ ಕೆಡಿಸ್ಕೊಂಡ್ರೆ ನಡೆಯುತ್ತಾ?"

"ನಂಗೆ ಗೊತ್ತಿರ್ಲಿಲ್ಲ ಕಣೇ" ಎಂದಳು ರಶ್ಮಿ. "ದೇವರಾಣೆ ಗೊತ್ತಿರ್ಲಿಲ್ಲ. ಆ ಅಡುಗೆಮನೆ ಕಡೆ ನಾನು ತಿರುಗೂ ನೋಡಲ್ಲ. ವಸಂತ್ ಹೇಳಿದ್ದೂ ಕಿವಿಗೆ ಹಾಕ್ಕೊಳ್ಳಲ್ಲ. ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ."

"ಹೌದಾ ಆಂಟಿ?" ಎಂದಳು ನಾಜಿಯಾ. ಮೃದುವಾಗಿಯೇ ಎಂದಳು. "ಇರ್ಲಿ ಬಿಡಿ ಆಂಟಿ. ನೀವು ಒಳ್ಳೆಯವರೇ."

"ಬರೋ ಬುಧವಾರದಿಂದ ಜಬೀವುಲ್ಲಾ ಅವರ ಅಂಗಡಿದೇ ಬರುತ್ತೆ. ನಾನೇ ಹೋಗಿ ಎದುರಿಗೆ ನಿಂತು ಕೊಯ್ಸಿಕೊಂಡು ಬರ್ತೀನಿ. ಆಮೇಲೆ ಹೇಳ್ತೀನಿ ನಿಂಗೆ."

"ಸರಿ ಆಂಟಿ. ಥ್ಯಾಂಕ್ಸ್ ಆಂಟಿ." ಪ್ರಾಕ್ಟಿಕಲ್ ಇದೆ ಎಂದು ಹೇಳಿ ಹುಡುಗಿ ಹೊರಟುಹೋದಳು.

ಬುಧವಾರ ಬೆಳಿಗ್ಗೆ ರಶ್ಮಿ ಭದ್ರಾವತಿಯ ಆ ಅಂಗಡಿಗೆ ಹೋದಳು. ಅತ್ತೆಗೆ ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಿಯೇ ಹೋದಳು. ಕಲ್ಲಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಿಳಿ ಗಡ್ಡದ ಜಬೀವುಲ್ಲಾ ಗಾಬರಿಯಾಗಿ, "ನೀವ್ಯಾಕೆ ಅಕ್ಕ ಇದನ್ನೆಲ್ಲ ನೋಡೋಕೆ ಬಂದ್ರಿ? ಆ ಕಡೆ ಕೂತ್ಕೊಳ್ಳಿ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದರು. ನಿಮ್ಮ ಮೇಲಲ್ಲ ಎಂದಳು ಅವಳು. ನಿಂತು ನೋಡಿದಳು. ಅವರು ಬಿಸ್ಮಿಲ್ಲಾ ಎಂದದ್ದು ಪ್ರತಿ ಸಲವೂ ಕೇಳಿಸಿತು. ಕೋಳಿಗಳು ಸ್ವಲ್ಪ ಒದ್ದಾಡಿ ಸುಮ್ಮನಾದವು. ಕೊನೆಯದರ ತನಕ ರಶ್ಮಿ ಕಣ್ಣು ತೆಗೆಯಲಿಲ್ಲ. ಮಾಂಸ ಕಟ್ಟಿದ ಚೀಲಗಳ ಜೊತೆಗೇ ಆಟೋದಲ್ಲಿ ಕೂತು ಬಂದಳು. ಅಮ್ಮನನ್ನು ಸ್ವಂತ ಅಕ್ಕನ ಮನೆಯಲ್ಲಿ ಬಿಟ್ಟು ಅವತ್ತೇ ಕೆಲಸಕ್ಕೆ ಬಂದಿದ್ದ ವಸಂತ್, ಚೀಲ ಹಿಡಿದು ಹಿಂದಿನ ಬಾಗಿಲಲ್ಲಿ ನಿಂತ ಯಜಮಾನತಿಯನ್ನು ಕಂಡು ಬಾಯಿ ತೆರೆದವನು ಮುಚ್ಚಲು ಮರೆತ.

ಊಟದ ಹೊತ್ತಿಗೆ ನಾಜಿಯಾ ಬಂದಳು, ಹಿಂದೆ ಅನುಷಾ, ಉಳಿದ ಮೂವರು. ಅವಳು ಏನೂ ಕೇಳಲಿಲ್ಲ. ರಶ್ಮಿಯೇ ಮುಂದೆ ಬಗ್ಗಿ, "ಹಲಾಲೇ ಕಣಮ್ಮ. ನಾನೇ ನೋಡಿದೆ, ಒಂದೊಂದನ್ನೂ" ಎಂದಳು.

"ಓಹ್, ಹೌದಾ ಆಂಟಿ! ಥ್ಯಾಂಕ್ಸ್" ಎಂದು ನಕ್ಕು ಅವಳು ತಟ್ಟೆ ಹಿಡಿದು ಹೋದಳು.

ರಶ್ಮಿ ಟೋಕನ್ ಹರಿಯುವುದನ್ನು ಬಿಟ್ಟು ಎದ್ದು ನಿಂತಳು. ಅಡುಗೆಮನೆಯ ಆ ಭಾಗವನ್ನು ನೋಡದ ಹಾಗೆಯೇ ಹುಡುಗಿಯರು ಕೂತು ಉಣ್ಣುವ ಮೇಜುಗಳನ್ನೂ ತಾನು ಇಷ್ಟು ವರ್ಷ ಸರಿಯಾಗಿ ನೋಡಿರಲಿಲ್ಲ ಎಂದು ಆಗ ಹೊಳೆಯಿತು. ನಾಜಿಯಾ ಕೂತಳು. ದುಪಟ್ಟಾ ಸರಿ ಮಾಡಿಕೊಂಡಳು. ಅನುಷಾಳ ಜೊತೆ ಏನೋ ಮಾತಾಡುತ್ತಾ, ತಟ್ಟೆಯನ್ನು ಸ್ವಲ್ಪ ಓರೆ ಮಾಡಿ, ಕೋಳಿಯ ತುಂಡುಗಳನ್ನು ಚಮಚದಿಂದ ಗೆಳತಿಯ ತಟ್ಟೆಗೆ ಜಾರಿಸಿದಳು. ಉಳಿದ ಮೂವರೂ ಹಾಗೇ ಮಾಡಿದರು. ಗೆಳತಿಯರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ರೂಢಿಯಾದ ಕೆಲಸ. ಆಮೇಲೆ ಅನ್ನಕ್ಕೆ ಬೇಳೆ ಸಾರು ಹಾಕಿಸಿಕೊಂಡು ಬಂದು ಉಂಡರು.

ರಶ್ಮಿಗೆ ನೋವಾಯಿತು. ಎದೆಯ ಎಡಭಾಗದಲ್ಲಿ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ, ಗಂಡ ಸತ್ತಾಗಲೂ ಆಗದಷ್ಟು ನೋವಾಯಿತು. ಮುಂದೆ ನಿಂತ ಹುಡುಗ ಟೋಕನ್ ಟೋಕನ್ ಎಂದು ಎರಡು ಸಲ ಕರೆದದ್ದು ಅವಳಿಗೆ ಕೇಳಿಸಲಿಲ್ಲ.

ಊಟ ಮುಗಿಸಿ ಹೊರಡುವಾಗ ನಾಜಿಯಾ ಮೇಜಿನ ಹತ್ತಿರ ಬಂದಳು. ರಶ್ಮಿ ನಿಂತೇ ಇದ್ದಳು.

"ಚಿಕನ್ ತುಂಬಾ ಚೆನ್ನಾಗಿತ್ತು ಆಂಟಿ" ಎಂದಳು ಅವಳು.